ಅರಿಶಿನದ ಎಲೆ ಮುಂದೆ ಕೂತವರು

ಒಬ್ಬಳಿಗೆ ಅಡುಗೆ ಮಾಡೋದು ಧರ್ಮಾವತಿಗೆ ಎಷ್ಟು ಮಾಡಿದರೂ ಕೈಗೆ ಹತ್ತಲಿಲ್ಲ. ಅಯ್ಯೋ, ಅದೇನು ಒಬ್ಬಿಬ್ಬರಿಗೆ ಬೇಯಿಸಿದ ಕೈಯೇ? ಗಂಡ ಧರಣೇಶ್ ಹಳೇಬೀಡಿನ ಬಸ್ ಸ್ಟ್ಯಾಂಡ್ ಪಕ್ಕ ಪುಸ್ತಕದಂಗಡಿ ಇಟ್ಟಿದ್ದವನು. ಮಧ್ಯಾಹ್ನ ಊಟಕ್ಕೆ ಒಬ್ಬನೇ ಬಂದ ದಿನವೇ ಇಲ್ಲ. ಬಸ್ ತಪ್ಪಿಸಿಕೊಂಡ ಮೇಷ್ಟ್ರು, ನೋಟ್‌ಬುಕ್ ಕಂಪನಿಯ ಏಜೆಂಟು, ಬಸದಿ ನೋಡೋಕೆ ಬಂದು ಬಿಸಿಲಲ್ಲಿ ಕಂಗೆಟ್ಟ ಯಾವನೋ ಪರಊರಿನವನು, ಯಾರಾದರೊಬ್ಬರು ಅವನ ಹಿಂದೆ ಇರಲೇಬೇಕು. "ಇವ್ರಿಗೂ ಒಂದು ಎಲೆ ಹಾಕು" ಅಂತ ಬಾಗಿಲಿಂದಲೇ ಕೂಗೋನು. ಧರ್ಮಾವತಿ ಗೊಣಗುತ್ತಲೇ ಎಲೆ ಹಾಕೋಳು. ಮಕ್ಕಳಿಲ್ಲದ ಮನೆ ಹೌದು, ಆದರೆ ಉಣ್ಣೋರಿಗೆ ಬರ ಇರಲಿಲ್ಲ.

ಧರಣೇಶ್ ಹೋಗಿ ಮೂರು ವರ್ಷವಾಯಿತು. ಆಗ ಬಂಧುಬಳಗವೆಲ್ಲ ಬಂತು, ಅತ್ತಿತು, ಉಂಡಿತು, ಹೋಯಿತು. ಅದಾದ ಮೇಲೆ ಆ ಹೊಸಿಲು ದಾಟಿ ಬಂದು ಊಟಕ್ಕೆ ಕೂತವರು ಒಬ್ಬರೂ ಇಲ್ಲ. ಹಾಗಂತ ಬೀದಿಯವರು ಕೆಟ್ಟವರಲ್ಲ ಮತ್ತೆ. ಧರ್ಮಾವತಿಯ ಬಾಯಿ ಸ್ವಲ್ಪ ಜೋರು, ಮಡಿ ಇನ್ನೂ ಜೋರು. ಬಂದವರಿಗೆ ಕಾಲು ತೊಳೆದಿರಾ, ಅಲ್ಲಿ ಮುಟ್ಟಬೇಡಿ, ಇಲ್ಲಿ ಕೂರಬೇಡಿ ಅಂತ ಹೇಳೋದರಲ್ಲೇ ಕಾಫಿ ಆರಿಹೋಗೋದು. ಧರಣೇಶ್ ಇದ್ದಾಗ ಅವನು ನಕ್ಕು ಅದನ್ನೆಲ್ಲ ಮರೆಸಿಬಿಡುತ್ತಿದ್ದ. ಈಗ ನಗೋರು ಯಾರು? ಮಿಕ್ಕ ಅನ್ನ ದಿನಾ ಹಿತ್ತಲ ಬೇಲಿಯಾಚೆ ಸಣ್ಣತಾಯಮ್ಮನ ಹಸುವಿಗೆ ಹೋಗುತ್ತಿತ್ತು. ಸಣ್ಣತಾಯಮ್ಮ ಹಾಲು ಮಾರೋಳು, ಆಗಾಗ ಬಂದು ಹಿತ್ತಲ ಕಳೆಯನ್ನೂ ಕೀಳೋಳು. "ಅಮ್ಮಾರೇ, ನಿಮ್ಮನೆ ಅನ್ನ ತಿಂದು ತಿಂದು ನನ್ನ ಹಸ ಹುಲ್ಲೇ ಮೂಸಕಿಲ್ಲ ಅಂತೈತೆ" ಅಂತ ಬೈಯೋಳು.

ಈ ವರ್ಷ ಆಷಾಢದಲ್ಲಿ ಊರಿಗೆ ಮುನಿಗಳು ಬಂದರು. ಮಳೆಗಾಲದಲ್ಲಿ ನೆಲದ ತುಂಬ ಹುಳುಹುಪ್ಪಟೆ ಓಡಾಡುತ್ತವಲ್ಲ, ಕಾಲಿಗೆ ಸಿಕ್ಕಿ ಸಾಯಬಾರದು ಅಂತ ನಾಲ್ಕು ತಿಂಗಳು ದಿಗಂಬರ ಮುನಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲುತ್ತಾರೆ. ಹಳೇಬೀಡಿನ ಬೆರಳೆಣಿಕೆಯ ಜೈನರ ಮನೆಗಳಿಗೆ ಹಬ್ಬವೋ ಹಬ್ಬ. ದಿನಕ್ಕೆ ಒಂದೇ ಹೊತ್ತು ಊಟ, ಅದೂ ನಿಂತುಕೊಂಡು, ಬೊಗಸೆಯಲ್ಲಿ. ಯಾರ ಮನೆ ಅಂತ ಮೊದಲೇ ಹೇಳೋ ಹಾಗಿಲ್ಲ. ಬೆಳಿಗ್ಗೆ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡು ಹೊರಡುತ್ತಾರೆ. ಕೈಯಲ್ಲಿ ತೆಂಗಿನಕಾಯಿ ಹಿಡಿದವರೋ, ಕೆಂಪು ಹೂವಿನವರೋ, ಜೋಡಿಯಾಗಿ ನಿಂತವರೋ, ಆ ಗುರುತು ಯಾವ ಬಾಗಿಲಲ್ಲಿ ಕಂಡರೆ ಅಲ್ಲಿ ನಿಲ್ಲುತ್ತಾರೆ. ಗುರುತು ಏನು ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಬೀದಿಯ ಹೆಂಗಸರೆಲ್ಲ ಕಲಶದ ಜೊತೆ ದಿನಕ್ಕೊಂದು ಸಾಮಾನು ಹಿಡಿದು ಬಾಗಿಲಲ್ಲಿ ನಿಲ್ಲೋದು, "ಏನ್ರೀ, ಇವತ್ತು ನಿಂಬೆಹಣ್ಣಾ?" ಅಂತ ಕಣ್ಣಲ್ಲೇ ಕೇಳಿಕೊಳ್ಳೋದು, ನೋಡೋ ಹಾಗಿತ್ತು.

ಧರ್ಮಾವತಿಗೆ ಇದು ಸುಮ್ಮನೆ ಪುಣ್ಯದ ಮಾತಾಗಿರಲಿಲ್ಲ. ತನ್ನ ಕೈಯಡುಗೆ ತನ್ನ ಮನೆಯಲ್ಲಿ ಇನ್ನೊಂದು ಜೀವ ಉಣ್ಣಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಒಂದೇ ಒಂದು ದಿನ. ಇಷ್ಟು ಮಡಿಯ ಮನೆಗೆ ಅಷ್ಟೇ ಮಡಿಯ ಅತಿಥಿ ಬಂದು ಉಂಡುಹೋದರೆ ಹಾಳು ಮೌನ ಮುರಿದುಬೀಳುತ್ತೆ ಅಂತ ಅವಳ ಲೆಕ್ಕ.

ಆದರೆ ಬಸದಿಯ ಕೆಲಸಕಾರ್ಯ ನೋಡಿಕೊಳ್ಳೋ ಜಿನದಾಸ ಮೊದಲ ವಾರವೇ ಕಡ್ಡಿ ಮುರಿದ ಹಾಗೆ ಹೇಳಿದ್ದ. "ಧರ್ಮಾವತಮ್ಮ, ಒಬ್ಬರೇ ನಿಂತರೆ ಆಗಲ್ಲ. ಬೊಗಸೆಗೆ ನೀರು ಬಿಡೋಕೊಬ್ಬರು, ಬಡಿಸೋಕೊಬ್ಬರು ಬೇಕು. ನೀವು ನಮ್ಮನೆಗೆ ಬಂದು ಸೇರ್ಕೊಳ್ಳಿ." ಸೇರಿಕೊಂಡಳು. ಶ್ರಾವಣ, ಭಾದ್ರಪದ ಎರಡೂ ತಿಂಗಳು ಅವರಿವರ ಅಡುಗೆಮನೆಯಲ್ಲಿ ಹೀರೇಕಾಯಿ ಹೆರೆದಳು, ಹಿಟ್ಟು ಜರಡಿ ಹಿಡಿದಳು. ಜಿನದಾಸನ ಹೆಂಡತಿ ಲತಾಮಣಿಯ ಬಾಗಿಲಲ್ಲಿ ಮುನಿಗಳು ಮತ್ತೆ ಮತ್ತೆ ನಿಂತಾಗ, ಹಿಂದೆ ನಿಂತು ಕೈಮುಗಿದಳು. ಮನೆಗೆ ಬಂದು ತನ್ನ ತಟ್ಟೆಗೆ ಬಡಿಸಿಕೊಂಡದ್ದರಲ್ಲಿ ಅರ್ಧ ಸಣ್ಣತಾಯಮ್ಮನ ಹಸುವಿಗೇ ಹೋಗೋದು.

ಕೊನೆಗೆ ತಮ್ಮನ ಮಗಳು ದೀಪ್ತಿಗೆ ಗಂಟುಬಿದ್ದಳು. ದೀಪ್ತಿ ಬೇಲೂರಿನ ಕಾಲೇಜಿನಲ್ಲಿ ಪಾಠ ಮಾಡೋ ಹುಡುಗಿ. ಇಲ್ಲೇ ಬೇಲೂರು, ಬಸ್ಸಿಗೆ ಎಷ್ಟು ಹೊತ್ತು? ಆದರೂ ಬರೋಕೆ ಪುರುಸೊತ್ತಿಲ್ಲ. "ಒಂದು ಭಾನುವಾರ ಬಾರೇ. ನನಗೇನೂ ಬೇಡ, ನೀರು ಬಿಡೋಕೆ ಒಂದು ಕೈ ಬೇಕು" ಅಂತ ಫೋನಿನಲ್ಲಿ ಅತ್ತಳೋ, ಗದರಿದಳೋ, ಅಂತೂ ದೀಪ್ತಿ ಆಶ್ವೀಜದ ಒಂದು ಭಾನುವಾರಕ್ಕೆ ಹೂಂ ಅಂದಳು.

ಈಗ ಹಿತ್ತಲ ವಿಷಯ ಹೇಳಬೇಕು. ಬಾವಿಯಿಂದ ಅಡುಗೆಮನೆಗೆ ಬರೋ ದಾರಿಯ ಮಗ್ಗುಲಲ್ಲೇ ಧರ್ಮಾವತಿಯ ಅರಿಶಿನದ ಮಡಿ. ಸೊಂಟದೆತ್ತರ ಬೆಳೆದು, ಎಲೆ ಅಗಲವಾಗಿ ಹಬ್ಬಿತ್ತು. ಮಳೆ ಹಿಡಿದ ಮೇಲೆ ಆ ಎಲೆಗಳ ಅಂಚು ಒಂದೊಂದೇ ಸುರುಳಿ ಸುತ್ತಿಕೊಳ್ಳತೊಡಗಿದವು. ಬಗ್ಗಿ ನೋಡಿದರೆ ಒಳಗೆ ಹುಳ. ಗಾಜಿನಂಥ ತಿಳಿಹಸಿರು ಮೈ, ಕರೀ ತಲೆ. ಬಾಯಿಂದ ನೂಲು ತೆಗೆದು ಎಲೆಯ ಅಂಚನ್ನು ಎಳೆದೆಳೆದು ಹೊಲಿದು, ಒಳಗೆ ಬೆಳ್ಳಗೆ ಪುಡಿ ಹರಡಿಕೊಂಡು ಮನೆ ಮಾಡಿತ್ತು. ಹೊತ್ತಿಳಿದ ಮೇಲೆ ಹೊರಬಂದು ತನ್ನ ಮನೆಯ ಗೋಡೆಯನ್ನೇ ಅಂಚಿನಿಂದ ಕೊರೆದು ತಿನ್ನೋದು. ತಮಾಷೆ ಏನು ಅಂದರೆ, ಅದು ತನ್ನ ಹಿಕ್ಕೆಯನ್ನು ಮನೆಯೊಳಗೆ ಬಿಡೋದಿಲ್ಲ. ಹಿಂಭಾಗ ಎತ್ತಿ ಪಟ್ಟಂತ ದೂರಕ್ಕೆ ಸಿಡಿಸುತ್ತೆ. ಒಂದು ಸಲ ಅದು ಧರ್ಮಾವತಿಯ ಸೆರಗಿಗೇ ಬಿತ್ತು. "ಅಬ್ಬಬ್ಬಾ, ನನಗಿಂತ ನಿನ್ನ ಮಡಿ ಜಾಸ್ತಿ ಆಯ್ತಲ್ಲೇ!" ಅಂತ ಎಷ್ಟೋ ತಿಂಗಳ ಮೇಲೆ ಅವಳು ಗಟ್ಟಿಯಾಗಿ ನಕ್ಕಳು.

ಅಲ್ಲಿಂದ ದಿನಾ ಬೆಳಿಗ್ಗೆ ಬಾವಿಗೆ ಹೋಗುವಾಗ ಒಂದು ಮಾತು. "ಎದ್ರಾ? ತಿಂದ್ರಾ?" ಕೆಲವು ಬೆಳೆದು ಸುರುಳಿಯೊಳಗೇ ಗೂಡಿನ ಹಾಗೆ ಗಟ್ಟಿಯಾಗಿ, ಒಂದು ಬೆಳಿಗ್ಗೆ ರೆಕ್ಕೆ ಬಂದು ಹಾರಿಹೋದವು. ಕಂದು ಮೈಗೆ ಬಿಳೀ ಮಚ್ಚೆಯ ಗಿಡ್ಡ ಚಿಟ್ಟೆ, ಒಂದು ಕಡೆ ನಿಂತಲ್ಲಿ ನಿಲ್ಲದೆ ಚಕ್ಕಂತ ನೆಗೆದು ನೆಗೆದು ಹಾರೋದು. ಹೋದದ್ದು ತಿರುಗಿ ಬಂದು ಎಲೆಯ ಮೇಲೆ ಸಾಸಿವೆಗಿಂತ ಸಣ್ಣ ಕೆಂಪನೆ ಮೊಟ್ಟೆ ಒಂದೊಂದೇ ಇಡೋದು, ಮತ್ತೆ ಹುಳ, ಮತ್ತೆ ಸುರುಳಿ. ಸಣ್ಣತಾಯಮ್ಮ ಕಂಡವಳೇ, "ಅಯ್, ಎಲೆಯೆಲ್ಲ ತೂತ ಮಾಡ್ಯವಲ್ಲ. ಒಸಿ ಔಸ್ದಿ ಹೊಡೆದ್ರೆ ಸರೋಯ್ತದೆ" ಅಂದಳು. ಧರ್ಮಾವತಿ ಅವಳ ಮೇಲೆ ಹರಿಹಾಯ್ದ ರಭಸಕ್ಕೆ ಪಾಪ, ಆಕೆ ವಾರದವರೆಗೆ ಬೇಲಿಯ ಹತ್ತಿರ ಸುಳಿಯಲಿಲ್ಲ.

ಭಾನುವಾರಕ್ಕೆ ಮುಂಚಿನ ಬುಧವಾರ ಜಿನದಾಸ ಅಡುಗೆಮನೆ ನೋಡಿಹೋಗೋಕೆ ಬಂದ. ಒಲೆ ನೋಡಿದ, ಬಾವಿ ನೋಡಿದ, ತಲೆಯಾಡಿಸಿದ. ಅಷ್ಟರಲ್ಲಿ ದಾರಿಗೆ ಅಡ್ಡವಾಗಿ ಒಂದು ಹುಳ ಹರಿದು ಹೋಗ್ತಾ ಇರೋದು ಕಂಡಿತು. "ಇದೇನಮ್ಮ ಇದು? ನೀರು ತರೋ ದಾರಿ. ಆ ಗಡಿಬಿಡಿಯಲ್ಲಿ ಕಾಲಿಗೆ ಸಿಕ್ಕಿ ಸತ್ತರೆ ಆಹಾರ ಕೊಟ್ಟ ಪುಣ್ಯ ಎಲ್ಲಿ ಉಳೀತು?" ಅಂದ. ಅವನದೂ ತಪ್ಪಲ್ಲ ಬಿಡಿ.

ಅವತ್ತು ಮಧ್ಯಾಹ್ನ ಧರ್ಮಾವತಿ ಒಂದು ಕೆಲಸ ಮಾಡಿದಳು. ಪ್ರೀತಿಯಿಂದಲೇ ಮಾಡಿದಳು. ಸುರುಳಿ ಇದ್ದ ಎಲೆಗಳನ್ನು ಒಂದೊಂದಾಗಿ, ಒಳಗಿರೋ ಜೀವಕ್ಕೆ ನೋವಾಗದ ಹಾಗೆ, ಅಷ್ಟಷ್ಟೇ ಕತ್ತರಿಸಿ ಮೊರಕ್ಕೆ ಹಾಕಿಕೊಂಡಳು. ಹಿತ್ತಲ ತುದಿಯಲ್ಲಿ ಬಾಳೆಯ ಗುಂಪಿತ್ತು, ಅಲ್ಲಿಗೆ ಯಾರೂ ಕಾಲಿಡೋರಿಲ್ಲ. ಎಲೆ ದೊಡ್ಡದು, ಎಳೆಯದು, ನೆರಳಿದೆ. "ಅಲ್ಲಿಗಿಂತ ಇಲ್ಲೇ ನಿಮಗೆ ವಿಶಾಲ. ಸ್ವಾಮಿಗಳು ಬಂದು ಹೋಗಲಿ" ಅಂತ ಹೇಳಿ ಬಾಳೆ ಎಲೆಯ ಮೇಲೆ ಮೆತ್ತಗೆ ಇಳಿಸಿದಳು. ಕೈ ತೊಳೆದು ಬಂದು, ಅಡುಗೆಮನೆ ಸಾರಿಸೋಕೆ ಕೂತಳು. ಆಮೇಲಿನ ಮೂರು ದಿನ ತಿಕ್ಕಿದ್ದೇ ತಿಕ್ಕಿದ್ದು, ತೊಳೆದದ್ದೇ ತೊಳೆದದ್ದು. ಬಾಳೆಯ ಕಡೆ ತಿರುಗಿ ನೋಡೋಕೂ ಆಗಲಿಲ್ಲ.

ಶನಿವಾರ ಸಂಜೆ ದೀಪ್ತಿ ಬಂದಳು, ಬರುವಾಗಲೇ ಊಟ ಮುಗಿಸಿಕೊಂಡು. ಭಾನುವಾರ ನಸುಕಿಗೆ ಇಬ್ಬರೂ ಸ್ನಾನ ಮಾಡಿ ನೀರು ಸೇದಿದರು. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿದ ಮೇಲೆ, ಧರ್ಮಾವತಿ ಆ ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹುಯ್ದು, ತೊಳೆದ ನೀರನ್ನು ಕೊಡದಲ್ಲಿ ಹಿಡಿದು, ಬಾವಿಗೆ ಮೆಲ್ಲಗೆ ಇಳಿಬಿಟ್ಟಳು.

"ಅದ್ಯಾಕತ್ತೆ?"

"ಬಟ್ಟೆಗೆ ಅಂಟಿದ ಜೀವಗಳನ್ನ ಬಂದ ಬಾವಿಗೇ ಬಿಡಬೇಕು ಕಣೇ. ಬೇರೆ ನೀರಿಗೆ ಬಿಟ್ಟರೆ ಬದುಕಲ್ಲ."

"ಓ" ಅಂದ ದೀಪ್ತಿ ಹೂವಿಗೆ ಅಂತ ಹಿತ್ತಲ ತುದಿಗೆ ಹೋದಳು. ಅಲ್ಲಿಂದಲೇ ಕೂಗಿದಳು. "ಅತ್ತೆ, ಬಾಳೆ ಎಲೆ ಮೇಲೆ ಏನೋ ಒಣಗಿ ಅಂಟ್ಕೊಂಡಿದೆ. ಹುಳನಾ ಇವು?"

ಧರ್ಮಾವತಿ ಹೋಗಿ ನೋಡಿದಳು. ಕತ್ತರಿಸಿ ತಂದ ಅರಿಶಿನದ ಚೂರುಗಳು ಬಾಡಿ ಗರಿಗರಿ ಒಣಗಿದ್ದವು. ಒಳಗಿದ್ದವು ಹೊರಬಂದು, ಎಳೇ ಬಾಳೆ ಎಲೆಯ ಮೇಲೆ ಅತ್ತಿತ್ತ ಹರಿದಾಡಿ, ಎಲ್ಲೂ ಬಾಯಿ ಹಾಕದೆ, ಒಂದೊಂದು ಒಂದೊಂದು ಕಡೆ ಸುರುಟಿ ಸತ್ತಿದ್ದವು. ಬಾಳೆ ಎಲೆಯ ಮೇಲೆ ಒಂದು ಕಚ್ಚಿನ ಗುರುತೂ ಇರಲಿಲ್ಲ. ದೀಪ್ತಿ ಫೋನು ತೆಗೆದು ಫೋಟೋ ಹಾಕಿ ನೋಡಿ, "ಇದು ಅರಿಶಿನ, ಶುಂಠಿ ಜಾತಿ ಬಿಟ್ಟು ಬೇರೇನೂ ತಿನ್ನಲ್ವಂತೆ ಅತ್ತೆ. ಇಲ್ಲಿಗೆ ಹೇಗೆ ಬಂದವೋ" ಅಂದಳು.

ಈಗ ತಾನೇ ಬಾವಿಯ ಕಟ್ಟೆಯ ಮೇಲೆ ನಿಂತು ತಾನು ಹೇಳಿದ ಮಾತು ಧರ್ಮಾವತಿಯ ಕಿವಿಯಲ್ಲೇ ಕೂತಿತ್ತು.

ಆದರೂ ಕೈ ಕೆಲಸ ಮಾಡಿತು. ಅಕ್ಕಿ ಬೆಂದಿತು, ತೊವ್ವೆ ಬೆಂದಿತು, ಹಾಲು ಕಾಯಿತು. ಹೊತ್ತಿಗೆ ಸರಿಯಾಗಿ ಇಬ್ಬರೂ ಕಲಶ ಹಿಡಿದು ಬಾಗಿಲಿಗೆ ಬಂದರು. ಇವತ್ತೂ ಲತಾಮಣಿಯ ಬಾಗಿಲಿಗೇ ಹೋಗಲಿ ಅಂತ ಧರ್ಮಾವತಿ ಮೊದಲ ಸಲ ಬೇಡಿಕೊಂಡಳು. ಬೇಡಿಕೊಂಡದ್ದು ನಡೆಯೋ ಹಾಗಿದ್ದರೆ ಇನ್ನೇನು! ಬಲಗೈ ಭುಜದ ಮೇಲಿಟ್ಟುಕೊಂಡು, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು, ನೆಲ ನೋಡುತ್ತಾ ನೋಡುತ್ತಾ ಬಂದ ಮುನಿಗಳು ಲತಾಮಣಿಯ ಬೆಳ್ಳಿ ಕಲಶ ದಾಟಿದರು, ಪಕ್ಕದವರ ಮಾವಿನೆಲೆಯ ಗೊಂಚಲು ದಾಟಿದರು. ಧರ್ಮಾವತಿಯ ಬಾಗಿಲ ಮುಂದೆ ನಿಂತುಬಿಟ್ಟರು.

ಬೀದಿಗೆ ಬೀದಿಯೇ ಉಸಿರು ಹಿಡಿದು ನಿಂತಿತು. "ನಮೋಸ್ತು, ನಮೋಸ್ತು" ಅನ್ನುತ್ತಾ ಇಬ್ಬರೂ ಮೂರು ಸುತ್ತು ಬಂದರು. ಇನ್ನು ಉಳಿದದ್ದು ಒಂದೇ ಮಾತು. ಒಳಗೆ ಕರೆಯೋ ಮುಂಚೆ ಮನೆಯೊಡತಿ ಬಾಯಿಬಿಟ್ಟು ಹೇಳಬೇಕು: ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಆಹಾರ ನೀರು ಶುದ್ಧ, ಒಳಗೆ ದಯಮಾಡಿಸಿ ಅಂತ. ಎಲ್ಲರೂ ಹೇಳೋ ಮಾತು. ಲತಾಮಣಿಯಂತೂ ಒಂದೇ ಉಸಿರಿಗೆ ಪಟಪಟ ಹೇಳಿ ಮುಗಿಸುತ್ತಿದ್ದಳು.

ಧರ್ಮಾವತಿ ಬಾಯಿ ತೆರೆದಳು. "ಮನಸ್ಸು..." ಅಂದಳು. ಮುಂದಕ್ಕೆ ಬರಲಿಲ್ಲ.

"ಹೇಳಿ ಅತ್ತೆ" ಅಂತ ದೀಪ್ತಿ ಪಿಸುಗುಟ್ಟಿದಳು. ಎದುರುಮನೆಯ ಜಗಲಿಯಿಂದ ಜಿನದಾಸ ತುಟಿಯಲ್ಲೇ ಹೇಳಿಕೊಟ್ಟ. ಅವಳಿಗೆ ಗೊತ್ತಿಲ್ಲದ ಮಾತೇ? ಆದರೆ ಕಣ್ಣ ಮುಂದೆ ಆ ಬಾಳೆ ಎಲೆ. ಈ ಮನೆಯಲ್ಲಿ ಮೂರು ವರ್ಷದಲ್ಲಿ ತನ್ನನ್ನು ಬಿಟ್ಟು ಉಂಡ ಜೀವ ಅಂದರೆ ಆ ಹುಳಗಳಷ್ಟೇ. ಉಣ್ಣುತ್ತಾ ಕೂತವರನ್ನು ಎಲೆ ಮುಂದಿಂದ ಎಬ್ಬಿಸಿ, ಹಸಿದ ಹೊಟ್ಟೆಯಲ್ಲಿ ಆಚೆಗೆ ಕಳಿಸಿ, ಆ ಜಾಗದಲ್ಲಿ ದೊಡ್ಡ ಅತಿಥಿಗೆ ಎಲೆ ಹಾಕಿದ್ದಳು. ಶುದ್ಧ ಅಂತ ಯಾವ ನಾಲಿಗೆಯಲ್ಲಿ ಹೇಳೋದು?

ಮುನಿಗಳು ಕಾದರು. ಅವರ ಮುಖದಲ್ಲಿ ಬೇಸರವಿರಲಿಲ್ಲ, ಆತುರವೂ ಇರಲಿಲ್ಲ. ಆಮೇಲೆ ಭುಜದ ಮೇಲಿನ ಕೈ ಇಳಿಸಿದರು. ಬೇರೆ ಬಾಗಿಲುಗಳತ್ತ ನೋಡದೆ ಬಂದ ದಾರಿಯಲ್ಲೇ ಬಸದಿಗೆ ನಡೆದರು. ಕೈ ಇಳಿಸಿದರು ಅಂದರೆ ಆ ದಿನಕ್ಕೆ ಊಟವಿಲ್ಲ, ನೀರೂ ಇಲ್ಲ.

ಆಮೇಲೆ ಏನಾಗಿರಬಹುದು ನೀವೇ ಊಹಿಸಿ. "ನಿಮ್ಮಿಂದ ಸ್ವಾಮಿಗಳು ಉಪವಾಸ ಉಳಿದರು ಕಣ್ರೀ! ಹೇಳೋಕೆ ಬರದಿದ್ದರೆ ಯಾಕೆ ನಿಲ್ಲಬೇಕಿತ್ತು?" ಅಂತ ಜಿನದಾಸ ನಡುಬೀದಿಯಲ್ಲಿ ಕೂಗಾಡಿದ. ಯಾವತ್ತೂ ಒಂದಕ್ಕೆ ಎರಡು ಉತ್ತರ ಕೊಡೋ ಧರ್ಮಾವತಿ ಕಲಶವನ್ನು ಮೆಲ್ಲಗೆ ಹೊಸಿಲ ಮೇಲಿಟ್ಟಳು. ಲತಾಮಣಿ ತನ್ನ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಅದು ಕೂಗಾಟಕ್ಕಿಂತ ಹೆಚ್ಚು ಚುಚ್ಚಿತು.

ಒಳಗೆ ಬಂದು ಧರ್ಮಾವತಿ ಹುಳ ಸಾಗಿಸಿದ್ದನ್ನು ಹೇಳಿದಳು. "ಅದೊಂದು ರೂಢಿ ಅತ್ತೆ, ಎಲ್ರೂ ಹೇಳ್ತಾರೆ. ಹುಳಕ್ಕೋಸ್ಕರ ಯಾರಾದ್ರೂ..." ಅಂದ ದೀಪ್ತಿ, ಅತ್ತೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

"ನೀನಾದ್ರೂ ಉಂಡು ಹೋಗೇ."

"ಹಸಿವಿಲ್ಲ ಅತ್ತೆ. ಬಸ್ಸಿಗೆ ಹೊತ್ತಾಯ್ತು." ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟಳು. ಅವಳ ಮನಸ್ಸಿನಲ್ಲಿ ಸಿಟ್ಟಿತ್ತೋ, ನಾಚಿಕೆಯೋ, ಏನೋ. ಧರ್ಮಾವತಿಯೂ ಅವತ್ತು ಬಾಯಿಗೆ ನೀರು ಹಾಕಲಿಲ್ಲ. ಅಷ್ಟು ಮಡಿಯಲ್ಲಿ ಮಾಡಿದ ಅಡುಗೆಯೆಲ್ಲ ಸಂಜೆ ಸಣ್ಣತಾಯಮ್ಮನ ಹಸುವಿಗೆ ಹೋಯಿತು.

ಮಾರನೇ ಸಂಜೆ ಬಸದಿಗೆ ಹೋಗಿ ಮುನಿಗಳ ಮುಂದೆ ಕೂತು ನಡೆದದ್ದೆಲ್ಲ ಹೇಳಿದಳು. ಪ್ರಾಯಶ್ಚಿತ್ತ ಕೊಡಿ ಅಂತ ಕೈಮುಗಿದಳು. ಮುನಿಗಳು "ಗಿಡದಲ್ಲಿ ಇನ್ನೂ ಯಾವುದಾದರೂ ಉಳಿದಿದೆಯೇನಮ್ಮ?" ಅಂತ ಕೇಳಿದರು.

"ನೋಡಲಿಲ್ಲ ಸ್ವಾಮಿ."

"ಹೋಗಿ ನೋಡಿ" ಅಂದರು. ಅಷ್ಟೇ. ಉಪವಾಸ, ಜಪ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದವಳಿಗೆ ಅದು ಸಾಕಾಗಲಿಲ್ಲ. ದಾರಿಯುದ್ದಕ್ಕೂ ಅಳುತ್ತಲೇ ಬಂದಳು.

ಬಂದು ಅರಿಶಿನದ ಮಡಿಯಲ್ಲಿ ಮೊಣಕಾಲೂರಿ ಒಂದೊಂದೇ ಎಲೆ ಸರಿಸಿದಳು. ನಡುಮಧ್ಯೆ, ಬುಡದ ಹತ್ತಿರ, ಕತ್ತರಿಗೆ ಸಿಗದ ಒಂದು ಸುರುಳಿ ಉಳಿದಿತ್ತು. ಒಳಗಿನದು ಆಗಲೇ ಹುಳವಾಗಿ ಉಳಿದಿರಲಿಲ್ಲ. ಉದ್ದಕ್ಕೆ, ಬೆಳ್ಳಗೆ ಪುಡಿ ಬಳಿದುಕೊಂಡು, ಅಲ್ಲಾಡದೆ ಮಲಗಿತ್ತು. ಬದುಕಿದೆಯೋ ಇಲ್ಲವೋ ತಿಳಿಯದು. ಬಿಚ್ಚಿ ನೋಡೋಕೆ ಅವಳು ಹೋಗಲಿಲ್ಲ. ಕಾಯುತ್ತಾ ಇದ್ದಳು.

ದೀಪಾವಳಿ ಕಳೆಯಿತು. ಮುನಿಗಳು ಊರು ಬಿಡೋ ದಿನ ಬಂತು. ಅಷ್ಟು ದಿನದಲ್ಲಿ ಅವರು ಧರ್ಮಾವತಿಯ ಬಾಗಿಲ ಕಡೆ ಮತ್ತೆ ಬರಲಿಲ್ಲ, ಅವಳೂ ಕಲಶ ಹಿಡಿಯಲಿಲ್ಲ. ಬೆಳಿಗ್ಗೆ ಬೀದಿಯವರೆಲ್ಲ ಅವರ ಹಿಂದೆ ಮಾದಿಹಳ್ಳಿಯ ಕಡೆ ಹೊರಟರು. ವಾಲಗದ ಸದ್ದು ಕೇಳಿ ಧರ್ಮಾವತಿಯೂ ಹೊಸ ಸೀರೆಯುಟ್ಟು ಹೊರಟವಳು, ಹೋಗೋ ಮುಂಚೆ ಒಂದು ಸಲ ಅಂತ ಹಿತ್ತಲಿಗೆ ಇಣುಕಿದಳು. ಸುರುಳಿಯ ಬಾಯಲ್ಲಿ ಒದ್ದೆ ರೆಕ್ಕೆಯ ಚಿಟ್ಟೆ ನೇತುಬಿದ್ದಿತ್ತು. ಕೆಳಗೆ ಇರುವೆಗಳ ಸಾಲು. ಇದನ್ನು ಬಿಟ್ಟು ಹೋಗೋದು ಹೇಗೆ? ಇರುವೆಗಳಿಗೆ ದೂರದಲ್ಲಿ ಒಂದು ಹಿಡಿ ಸಕ್ಕರೆ ಸುರಿದು, ಹೊಸ ಸೀರೆಯಲ್ಲೇ ಮಣ್ಣಿನ ಮೇಲೆ ಕೂತಳು. ವಾಲಗ ದೂರವಾಯಿತು, ಆಮೇಲೆ ಕೇಳಿಸದೇ ಹೋಯಿತು.

ರೆಕ್ಕೆ ಒಣಗಿದ ಮೇಲೆ ಚಿಟ್ಟೆ ಒಂದು ಎಲೆಯಿಂದ ಇನ್ನೊಂದಕ್ಕೆ ನೆಗೆಯಿತು. ಅವಳು ಓಡಿಹೋಗಿ ಬಾಳೆಹಣ್ಣಿನ ಚೂರು ತಂದು ಎಲೆಯ ಮೇಲಿಟ್ಟಳು. ಅದು ಮೂಸಿಯೂ ನೋಡಲಿಲ್ಲ. ಚಕ್ಕಂತ ಗೋಡೆ ದಾಟಿಬಿಟ್ಟಿತು. "ನೀನೂ ಉಣ್ಣದೇ ಹೋದೆಯಲ್ಲೋ" ಅಂದ ಧರ್ಮಾವತಿಗೆ ನಗುವೂ ಬಂತು, ನಗುತ್ತಾ ನಗುತ್ತಾ ಅಳುವೂ ಬಂತು.

ಬೀದಿಯವರು ಕಾಲಕ್ರಮೇಣ ಮಾತಾಡಿದರು, ಲತಾಮಣಿಯೂ ಮಾತಾಡಿದಳು. ಊಟಕ್ಕೆ ಮಾತ್ರ ಯಾರೂ ಬರಲಿಲ್ಲ, ದೀಪ್ತಿಯ ಫೋನೂ ಅಪರೂಪವಾಯಿತು. ಕಾರ್ತೀಕ ಮುಗಿಯೋ ಹೊತ್ತಿಗೆ, ಅರಿಶಿನದ ಗಿಡ ಇನ್ನೇನು ಹಳದಿಗೆ ತಿರುಗಬೇಕು ಅನ್ನುವಾಗ, ಒಂದು ಎಲೆಯ ಅಂಚು ಮತ್ತೆ ಮಡಿಚಿಕೊಂಡಿತು. ಗೋಡೆ ದಾಟಿ ಹೋದದ್ದೇ ಬಂದಿತ್ತೋ, ಬೇರೆ ಯಾವುದೋ. ಒಳಗೆ ಅಕ್ಕಿ ಕಾಳಿನಷ್ಟು ಹಸಿರು ಮೈ, ಕರೀ ತಲೆ.

ಅವತ್ತು ಧರ್ಮಾವತಿ ಅಡುಗೆಮನೆಯಲ್ಲಿ ಎಲೆ ಹಾಕಿಕೊಳ್ಳಲಿಲ್ಲ. ತಟ್ಟೆಯಲ್ಲಿ ಅನ್ನ ತೊವ್ವೆ ಬಡಿಸಿಕೊಂಡು ಹಿತ್ತಲಿಗೆ ಬಂದಳು. ಆಚೆ ಈಚೆ ನೋಡಿದಳು, ಯಾರೂ ಇರಲಿಲ್ಲ. ನೀರು ತರೋ ದಾರಿಯಲ್ಲೇ, ಆ ಎಲೆಯ ಎದುರಿಗೆ, ಚಕ್ಕಳಮಕ್ಕಳ ಹಾಕಿ ಕೂತಳು.

"ನಿಧಾನವಾಗಿ ತಿನ್ನು, ಯಾರೂ ಎಬ್ಬಿಸಲ್ಲ" ಅಂದಳು. ಹೊತ್ತು ಮುಳುಗೋದರೊಳಗೆ ತಾನೂ ಉಂಡು ಮುಗಿಸಿದಳು.